ತಮಟೆ ಕಾಯಿಸಿದ ಹೊತ್ತು

ಹುಲ್ಲು ಸುಟ್ಟ ವಾಸನೆ, ಚೈತ್ರದ ಬೆಳಗು, ಬಿಸಿಲು ಇನ್ನೂ ಚನ್ನಗಿರಿ ಬಸ್ ನಿಲ್ದಾಣದ ತಗಡು ಮುಟ್ಟಿಲ್ಲ, ಯಾರೋ ಹುಲ್ಲು ಕಸ ಗುಡಿಸಿ ಮೂಲೆಯಲ್ಲಿ ಕಡ್ಡಿ ಗೀರಿದ್ದಾರೆ, ಹೊಗೆ ಸುಂಕಲಮ್ಮನ ಕಣ್ಣಿಗೆ ಬಂದು ಕೂತಿತು, ಮುಚ್ಚಿದರೆ ಹಿತ, ಪಕ್ಕದಲ್ಲಿ ಮೊಮ್ಮಗಳು ಯಶೋಧರಾ, ಇಬ್ಬರ ನಡುವೆ ಗಾಲಿ ಪೆಟ್ಟಿಗೆ, ಅದರ ಹಿಡಿ ಸುಂಕಲಮ್ಮನ ಕೈಯಲ್ಲಿ, ಬಿಟ್ಟರೆ ಹೊರಟೇಬಿಡುವ ಹುಡುಗಿ, ಕೊಲ್ಲಿ ದೇಶದ ಆಸ್ಪತ್ರೆಯಲ್ಲಿ ನರ್ಸು, ರಜೆ ಮುಗಿಯಿತು, ಆ ಕಡೆ ಯುದ್ಧ ಹತ್ತಿಕೊಂಡು ವಾರವಾಗಿಲ್ಲ — ಬ್ಯಾಡ ಕಣವ್ವಾ ಅಂದದ್ದಾಯಿತು, ಅನ್ನ ಬಡಿಸುವಾಗ, ತಲೆ ಬಾಚುವಾಗ, ಅಜ್ಜೀ ಬಾಂಬು ಬೀಳಾದು ಪಕ್ಕದ ದೇಶದಾಗೆ, ನಮ್ಮಲ್ಲಲ್ಲ, ನೀನು ಟೀವಿ ನೋಡಾದು ಬಿಡು, ಪಕ್ಕದ ದೇಶ, ಪಕ್ಕದ ಊರು — ನಿಲ್ದಾಣದ ಹೋಟೆಲಿನ ಟೀವಿಯಲ್ಲಿ ಕಡಲ ಮೇಲೆ ಹಡಗು, ಸುಂಕಲಮ್ಮ ಕಡಲು ಕಂಡಿಲ್ಲ, ಸೂಳೆಕೆರೆ ಕಂಡಿದ್ದಾಳೆ, ಆ ಹಡಗನ್ನು ಸೂಳೆಕೆರೆಯಲ್ಲಿ ತೇಲಿಸಿ ನೋಡುತ್ತಾಳೆ, ಟೀ ಸೋಸುತ್ತ ಹೋಟೆಲಿನ ಬಂಗಾರಪ್ಪ ಹೇಳುತ್ತಾನೆ, ದೊಡ್ಡ ದೇಶದೋರ ಮೇಲೆ ಆ ಬಾಂಬು ಬೀಳೋ ದೇಶದೋರೇ ಮೊದ್ಲು ಕೈ ಮಾಡಿದ್ರಂತೆ, ಅದಕ್ಕೇ ಯುದ್ಧ, ಬೆಂಚಿನ ಮೇಲಿನ ನಿಂಗರಾಜ ನಗುತ್ತಾನೆ, ಕೈ ಮಾಡಿದ್ದು ಮೊನ್ನೆ ಕಣಣ್ಣ, ದೊಡ್ಡ ದೇಶದೋರ ಹಡಗು ಹೊಂಟಿದ್ದು ಹೋದ ತಿಂಗಳು, ಅವ್ರಲ್ಲಿ ಎಲೆಕ್ಷನ್ ಬಂತಲ್ಲ, ಎಣ್ಣೆನೂ ಬೇಕಲ್ಲ, ನೀನು ಟೀಗೆ ಸಕ್ಕರೆ ಹಾಕು — ಹೋದ ತಿಂಗಳು, ಜಗಳಕ್ಕೂ ಮೊದಲು, ಅಂದರೆ ತಮಟೆ ಮೊದಲೇ ಕಾಯ್ದಿತ್ತು.

ಎಷ್ಟೋ ವರ್ಷದ ಹಿಂದೆ ಅವತ್ತೂ ಇದೇ ವಾಸನೆ, ಗಂಡ ಚಿಕ್ಕಹನುಮಂತಪ್ಪ ಕುಕ್ಕರುಗಾಲಲ್ಲಿ ಕೂತು ಹುಲ್ಲಿನ ಉರಿಗೆ ತಮಟೆ ಹಿಡಿದು ತಿರುಗಿಸುತ್ತಿದ್ದಾನೆ, ಉರಿಗೆ ಕಾಯದಿದ್ದರೆ ಚರ್ಮ ಕೂಗುವುದಿಲ್ಲ, ಯಾಕಯ್ಯಾ, ಹಬ್ಬ ಇಲ್ಲ ಹೆಣ ಇಲ್ಲ, ಗೌಡ್ರು ಹೇಳಿ ಕಳಿಸ್ಯಾರೆ, ಕಾಯಿಸಿ ಇಟ್ಕಾ ಅಂತ, ನಂಗೇನ್ ಗೊತ್ತು — ಅದು ಮಧ್ಯಾಹ್ನ, ಕೆಳಗಿನ ಊರಿನವರು ಕೆರೆಯ ತೂಬು ಒಡೆದರೆಂಬ ಸುದ್ದಿ ಬಂದದ್ದು ಹೊತ್ತಿಳಿದ ಮೇಲೆ, ತಂದವನೂ ಗೌಡರ ಆಳೇ, ತಮಟೆ ಕೂಗಿತು, ಊರೇ ದೊಣ್ಣೆ ಹಿಡಿದು ಓಡಿತು, ಮೈದುನ ಹನುಮಣ್ಣ ತುತ್ತು ಬಾಯಲ್ಲಿಟ್ಟುಕೊಂಡೇ ಎದ್ದ, ಅತ್ತಿಗೆ ಸಾರು ಬಿಸಿ ಇಡು, ಈಗ ಬಂದೆ, ಸಾರು ಆರಿತು, ಆ ಸಲದ ಎಲೆಕ್ಷನ್ ಗೌಡರೇ ಗೆದ್ದರು, ಹನುಮಣ್ಣ ಬಿದ್ದದ್ದು ಆ ಊರಲ್ಲೂ ಅಲ್ಲ, ಈ ಊರಲ್ಲೂ ಅಲ್ಲ, ನಡುವಿನ ಬದುವಿನ ಮೇಲೆ — ಪುಟ್ಟೀ, ಯಾರು ತಮಟೆ ಕಾಯಿಸ್ಯಾರೆ ನೋಡು, ಹೋಗಬ್ಯಾಡ, ಏನಜ್ಜೀ ಯಾವ ತಮಟೆ, ಯಶೋಧರಾ ಅಜ್ಜಿಯ ಸೆರಗು ಸರಿಮಾಡುತ್ತಾಳೆ, ನಮ್ಮ ಆಸ್ಪತ್ರೆಗೆ ಗಾಯದೋರ್ನ ತಂದು ತಂದು ವಾರ್ಡು ತುಂಬಿ ವರಾಂಡದಾಗೆ ಮಲಗಿಸ್ಯಾರಂತೆ, ನಾನೂ ಇಲ್ಲೇ ಕುಂತ್ರೆ ಬಿದ್ದೋರ್ನ ಎತ್ತೋರ್ಯಾರು — ಬಿದ್ದವರನ್ನು ಎತ್ತುವವರು, ಹನುಮಣ್ಣ ಬೆಳಗಿನವರೆಗೆ ನೀರು ನೀರು ಅಂದನಂತೆ, ಎರಡೂ ಊರವರು ಹೆದರಿ ಹತ್ತಿರ ಸುಳಿಯಲಿಲ್ಲ, ನೀರು — ಪೆಟ್ಟಿಗೆಯ ಹಿಡಿಯನ್ನು ಸುಂಕಲಮ್ಮನ ಕೈ ತಾನಾಗಿ ಬಿಟ್ಟಿತು, ದಾವಣಗೆರೆ ಬಸ್ಸು, ಧೂಳು, ಕಿಟಕಿಯಲ್ಲಿ ಒಂದು ಕೈ, ಯಶೋಧರಾ ಹೋದಳು, ಮೂಲೆಯ ಬೆಂಕಿ ಆರಿದೆ, ಹೊಗೆಯೂ ಇಲ್ಲ, ಆದರೂ ಕಣ್ಣು ಮುಚ್ಚಿದರೆ ಹುಲ್ಲಿನ ಉರಿ, ಉರಿಯ ಮುಂದೆ ಮೆಲ್ಲಗೆ ತಿರುಗುವ ತಮಟೆ, ಹಬ್ಬ ಇಲ್ಲ, ಹೆಣ ಇಲ್ಲ, ತಮಟೆ ಕಾಯುತ್ತಲೇ ಇದೆ