ಫಿಲ್ಮಿನೊಳಗಿನ ಕೈ

ಗಜೇಂದ್ರಗಡದ ಹಳೇ ದವಾಖಾನೆಯೊಂದರ ಎಕ್ಸ್‌ರೇ ಕೋಣೆಯಲ್ಲಿ ಲಾಡಸಾಬ ಜೀವಮಾನವೆಲ್ಲ ದುಡಿದ. ಅತ್ತು ಹೊರಳಾಡುವ ಮಕ್ಕಳನ್ನು ಬಲಗೈಯಿಂದ ತಾನೇ ಹಿಡಿದು, ಎಡಗೈಯಿಂದ ಗುಂಡಿ ಒತ್ತುತ್ತಿದ್ದ. ಸಾಬರ ಕೈ ಬಿದ್ದರೆ ಎಂಥ ಕೂಸೂ ಸುಮ್ಮನಾಗುತ್ತದೆಂದು ರೋಣದಿಂದಲೂ ಜನ ಬರುತ್ತಿದ್ದರು. ಆ ಕಿರಣ ಹಿಡಿದ ಕೈಯನ್ನು ಒಳಗಿಂದೊಳಗೇ ತಿನ್ನುತ್ತದೆಂದು ಅವನಿಗೆ ಹೇಳುವವರು ಯಾರಿದ್ದರು? ಕಿರಣ ತಡೆಯುವ ಸೀಸದ ಏಪ್ರನ್ ಬಂತು, ಮೈಗೆ ಬಿದ್ದ ಕಿರಣ ಅಳೆಯಲು ಎದೆಗೆ ಸಿಕ್ಕಿಸುವ ಬ್ಯಾಜೂ ಬಂತು. ಅಷ್ಟೊತ್ತಿಗೆ ಹುಣ್ಣಾದ ಎರಡು ಬೆರಳು ಕತ್ತರಿಸಿಯಾಗಿತ್ತು. ಬೆರಳಿನ ಹಿಂದೆ ಮನುಷ್ಯನೂ ಹೋದ. ಜೀವ ಕಾಯುವ ಸಾಮಾನು ನಮ್ಮ ಕಡೆಗೆ ಯಾವಾಗಲೂ ಹೆಣ ಎತ್ತಿದ ಮೇಲೆಯೇ ಬರುತ್ತದೆ.

೨೦೦೬ರ ಹೊತ್ತಿಗೆ ಆ ಕೋಣೆ ಮಗಳು ಹುಸ್ನಾಳ ಪಾಲಿಗೆ ಬಂದಿತ್ತು. ಮಗುವನ್ನು ಅದರ ತಾಯಿಯೋ ತಂದೆಯೋ ಹಿಡಿದುಕೊಳ್ಳುತ್ತಿದ್ದರು, ಅವಳು ಗೋಡೆಯ ಹಿಂದೆ ನಿಂತು ಗುಂಡಿ ಒತ್ತುತ್ತಿದ್ದಳು. ಕತ್ತಲೆ ಕೋಣೆಯ ಕೆಂಪು ದೀಪದಲ್ಲಿ ಫಿಲ್ಮ್ ತೊಳೆಯುವಾಗ ಮಗುವಿನ ಎಲುಬಿನ ಪಕ್ಕ ದೊಡ್ಡವರ ಕೈಯೊಂದು ಮೆಲ್ಲಗೆ ಮೂಡುತ್ತಿತ್ತು. ಹುಸ್ನಾ ಮೊದಲು ಅದರ ಬೆರಳು ಎಣಿಸುತ್ತಿದ್ದಳು. ಐದೂ ಇದ್ದರೂ ಅದು ಅಬ್ಬಾನ ಕೈಯೇ ಅನ್ನಿಸಿ ಹೆದರುತ್ತಿದ್ದಳು.

ಒಂದು ಮುಂಜಾನೆ ನೇಕಾರರ ತಿಪ್ಪವ್ವ, ಕೆಮ್ಮುವ ಮೊಮ್ಮಗನನ್ನು ಎತ್ತಿಕೊಂಡು ಬಂದಳು. ಮಗ ಶರತ ಕೂಸಾಗಿದ್ದಾಗ ತೆಗೆಸಿದ್ದ ಫಿಲ್ಮನ್ನೂ ತಂದಿದ್ದಳು. ತನ್ನ ಕೈಯಲ್ಲಿ ಇವನು ನಿಲ್ಲುವುದಿಲ್ಲ, ನೀನೇ ಹಿಡಿ ಎಂದಳು. ಹುಸ್ನಾ ಹಿಂಜರಿದಳು. ಅವಳು ಬಸುರಿಯೆಂಬುದು ಗಂಡ ಉಮರನಿಗೆ ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ.

"ನಿಮ್ಮ ಅಪ್ಪಾರು ನನ್ನ ಮಗನ್ನ ತಮ್ಮ ಕೂಸಿನಗತೆ ಹಿಡದಿದ್ರು. ನೀ ಗ್ವಾಡಿ ಹಿಂದ ನಿಂದರ್ತೀಯೇನವಾ?"

ಹುಸ್ನಾಳ ಕೈ ತಾನಾಗಿಯೇ ಮಗುವಿನತ್ತ ಚಾಚಿಕೊಂಡಿತು. ಯಾರೋ ಮಣಿಕಟ್ಟು ಹಿಡಿದು ಮುಂದಕ್ಕೆ ಒಯ್ದಂತಾಯಿತು. ಹೆದರಿ ಹಿಂದಕ್ಕೆಳೆದುಕೊಂಡಳು. ಹಳೇ ಫಿಲ್ಮನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಶರತನ ಪುಟ್ಟ ಪಕ್ಕೆಲುಬಿನ ಮೇಲೆ ಅಬ್ಬಾನ ಕೈ, ಐದೂ ಬೆರಳು.

"ಇದರಾಗ ಎರಡ ಬೆರಳ ಆಮ್ಯಾಲೆ ಹ್ವಾದುವ್ರಿ, ಅಮ್ಮಾ. ಹಿಂಗ ಹಿಡದ ಹಿಡದ ಹ್ವಾದುವು."

ತಿಪ್ಪವ್ವ ಆ ಬೆರಳುಗಳನ್ನು ಎಣಿಸಿದಳು. ಅಂಗಡಿಗೆ ಕೊಡಲು ತಂದಿದ್ದ ಹೊಸ ನೂಲಿನ ಸೀರೆಯನ್ನು ಗಂಟಿನಿಂದ ಬಿಚ್ಚಿದಳು. ಲೋಹದ ಜರಿ ಇಲ್ಲದ್ದು, ಹಾಗಾಗಿ ಫಿಲ್ಮಿನಲ್ಲಿ ಕಾಣದ್ದು. ಮಗ್ಗದ ಉರುಳೆಗೆ ಬಟ್ಟೆ ಸುತ್ತಿ ಪಳಗಿದ ಕೈ, ಮೊಮ್ಮಗನನ್ನು ಎಕ್ಸ್‌ರೇ ಹಲಗೆಗೆ ಸೇರಿಸಿ ಸಡಿಲವೂ ಆಗದಂತೆ, ಉಸಿರೂ ಕಟ್ಟದಂತೆ ಸುತ್ತಿತು. ಇಬ್ಬರೂ ಗೋಡೆಯ ಹಿಂದೆ ಹೋದರು. ಹುಸ್ನಾ ಗುಂಡಿ ಒತ್ತಿದಳು.

ಕೆಂಪು ದೀಪದಡಿ ಪಕ್ಕೆಲುಬು ಒಂದೊಂದೇ ಮೂಡಿದವು. ಹುಸ್ನಾ ಅಂಚಂಚು ಹುಡುಕಿದಳು. ಕೈ ಎಲ್ಲಿಯೂ ಇರಲಿಲ್ಲ. ಅಬ್ಬಾ ಬಂದಿರಲಿಲ್ಲ.

ಬರಬಾರದೆಂದೇ ಇಷ್ಟೆಲ್ಲ ಮಾಡಿದ್ದಳು. ಆದರೂ ಹಸಿ ಫಿಲ್ಮ್ ಹಿಡಿದುಕೊಂಡು, ಗೋಡೆಗೊರಗಿ, ಅವನು ಇವತ್ತೇ ಸತ್ತನೇನೋ ಎಂಬಂತೆ ಅತ್ತಳು.