ಹೆಣದ ಲೆನ್ಸು

ಕ್ಯಾಮೆರಾದಿಂದ ಲೆನ್ಸನ್ನು ತಿರುಚಿ ಬಿಡಿಸಿದ ರಂಗನಾಥ್, ಇಡಲು ಜಾಗ ಕಾಣದೆ ಅದನ್ನು ಹೆಣದ ತೊಡೆಯ ಮೇಲಿಟ್ಟ.

"ಅಲ್ಲಿಡಬೇಡಿ," ಎಂದಳು ನಿರ್ಮಲಾ.

"ಒಂದೇ ನಿಮಿಷ ಮೇಡಂ. ಬಿಸ್ಲು ಏರಿದ್ರೆ ನೆರಳು ಬೀಳುತ್ತೆ."

ಅವಳ ಅಪ್ಪ ಶಂಭುಲಿಂಗಯ್ಯನನ್ನು ಸ್ನಾನ ಮಾಡಿಸಿ, ವಿಭೂತಿ ಬಳಿದು, ಜಗಲಿಯ ಕಂಬಕ್ಕೆ ಬಿಳಿ ಬಟ್ಟೆಯಿಂದ ಕಟ್ಟಿ ಕೂರಿಸಿದ್ದರು. ಕಿಬ್ಬನಹಳ್ಳಿಯಲ್ಲಿ ನಲವತ್ತು ವರ್ಷ ಸ್ಟುಡಿಯೊ ನಡೆಸಿದವನು. ಸುತ್ತಲ ಊರುಗಳಲ್ಲಿ ಹೀಗೆ ಕೂತ ಹೆಣಗಳ ಕೊನೆಯ ಫೋಟೊಗೆ ಅವನೇ ಬರಬೇಕಿತ್ತು. ಅವನ ಹಳೆಯ ಕ್ಯಾಮೆರಾಕ್ಕೆ ಎರಡು ಲೆನ್ಸು, ಒಂದು ಜರ್ಮನಿಯದು, ಒಂದು ರಷ್ಯಾದ್ದು. ಇವತ್ತು ಅವನದೇ ಫೋಟೊ. ತೆಗೆಯಲು ಬಂದ ತಿಪಟೂರಿನ ರಂಗನಾಥ್‌ಗೆ ಆ ಲೆನ್ಸುಗಳ ಮೇಲೆ ಬಹಳ ದಿನದ ಕಣ್ಣು. ಎರಡನ್ನೂ ತನ್ನ ಡಿಜಿಟಲ್ ಕ್ಯಾಮೆರಾಕ್ಕೆ ಕೂರಿಸಿ, ಸತ್ತವನ ಮುಖದ ಮೇಲೆ ಪರೀಕ್ಷೆ ಮಾಡುತ್ತಿದ್ದ.

"ನೋಡಿ ತೋಂಟದಾರ್ಯಣ್ಣ," ಎಂದು ಶಂಭುಲಿಂಗಯ್ಯನ ತಮ್ಮನಿಗೆ ಪರದೆ ತೋರಿಸಿದ. "ಇದು ಜರ್ಮನ್‌ದು. ರೆಪ್ಪೆ ಕೂದ್ಲು ಎಣಿಸ್ಬೋದು. ಮೂಗಿನ ಹತ್ತಿ ಎಳೆಎಳೆಯಾಗಿ ಕಾಣುತ್ತೆ. ಇದು ರಷ್ಯಾದ್ದು. ಅಂಚೆಲ್ಲ ಮಂಜು ಮಂಜು."

ಮುಖವನ್ನು ಬೆರಳಲ್ಲಿ ಹಿಗ್ಗಿಸಿದ. ಪರದೆಯ ತುಂಬ ಗಲ್ಲದ ರಂಧ್ರಗಳು.

"ಅದ್ಕೇ ಕಣಪ್ಪ ಅಣ್ಣ ಆ ರಷ್ಯಾದ್ದನ್ನ ಹೆಣದ ಲೆನ್ಸು ಅಂತಿದ್ದ." ತೋಂಟದಾರ್ಯ ಎಲೆಅಡಿಕೆಯನ್ನು ಒಂದು ದವಡೆಯಿಂದ ಇನ್ನೊಂದಕ್ಕೆ ದೂಡಿದ. "ಅಣ್ಣ ತೆಗುದ್ರೆ ಸತ್ತೋರೂ ಮಲಗವ್ರೆ ಅನ್ನಂಗಿರೋದು. ಪುಣ್ಯಾತ್ಮ ಬುಡು."

\*

ಡಿಗ್ರಿಯ ಎರಡನೇ ವರ್ಷದ ರಜೆಯಲ್ಲಿ ಅವಳು ಅಪ್ಪನ ಜೊತೆ ಅಮ್ಮಸಂದ್ರದಾಚೆಯ ಒಂದು ತೋಟದ ಮನೆಗೆ ಹೋಗಿದ್ದಳು. ಕೂರಿಸಿದ್ದ ಹೆಣ ಅವಳದೇ ವಯಸ್ಸಿನ ಸೊಸೆಯದು. ಎದೆನೋವು ಬಂತಂತೆ. ಕಿವಿಯ ಕೆಳಗೆ, ಕತ್ತಿನ ಮೇಲೆ, ನಾಲ್ಕು ಬೆರಳಿನ ನೀಲಿ ಗುರುತು. ಅಪ್ಪ ಕ್ಯಾಮೆರಾಕ್ಕೆ ಕಣ್ಣಿಟ್ಟ, ಇಟ್ಟ ಕಣ್ಣನ್ನು ಹಿಂದಕ್ಕೆ ತೆಗೆದ.

"ತವರ್ನೋರು ಫೋಟೊ ಕೇಳ್ತಾರೆ ಸಾಮಿ," ಎಂದ ಸತ್ತವಳ ಮಾವ. "ಚೆನ್ನಾಗ್ ಬರ್ಲಿ."

ಅಪ್ಪ ಹಾರವನ್ನು ಕತ್ತಿನತ್ತ ಸ್ವಲ್ಪ ಏರಿಸಿ, ಜರ್ಮನ್ ಲೆನ್ಸು ಬಿಚ್ಚಿ ರಷ್ಯಾದ್ದನ್ನು ಹಾಕಿದ.

ವಾಪಸ್ಸು ಬರುವಾಗ ಅವಳು ಕೇಳಿದ್ದಳು. "ಅಪ್ಪಾ, ಆ ಗುರುತು..."

"ಫೋಟೊದಾಗಿಲ್ದಿದ್ದು ನಮಗ್ಯಾಕವ್ವ?"

ದಾರಿಯಲ್ಲಿ ಬೋಂಡ ಕೊಡಿಸಿದ. ಅವಳು ತಿಂದಿದ್ದಳು, ಎರಡು.

\*

"ಗೋಡೆಗೆ ಒಂದೇ ತಾನೆ? ಯಾವುದು ಪ್ರಿಂಟ್ ಹಾಕ್ಲಿ?" ರಂಗನಾಥ್ ಕೇಳಿದ.

ಲಕ್ವ ಹೊಡೆದು ಶಂಭುಲಿಂಗಯ್ಯನ ಬಾಯಿ ಎಡಕ್ಕೆ ಸೊಟ್ಟಗಾಗಿತ್ತು. ಹೆಂಡತಿ ಶಿವಗಂಗಮ್ಮ ಅದನ್ನು ನೋಡದೆಯೇ ಹೇಳಿದಳು: "ನುಣ್ಣಗಿರೋದು ಹಾಕಪ್ಪ. ಆ ಬಾಯಿ ಕಾಣಬಾರ್ದು."

"ಜರ್ಮನ್‌ದು ಹಾಕಿ," ಎಂದಳು ನಿರ್ಮಲಾ.

"ಏನಮ್ಮಣ್ಣಿ, ಹೆತ್ತಪ್ಪನ್ನ ಸೊಟ್ಟ ಬಾಯಲ್ಲಿ ನೇತಾಕ್ತೀಯಾ?" ತೋಂಟದಾರ್ಯ ರೇಗಿದ. "ಓದ್ಸಿದ್ಕೆ ಇದೇನಾ?"

"ಅಮ್ಮಸಂದ್ರದ ಆ ಸೊಸೆ ಕತ್ತು ನಾನು ನೋಡಿದ್ದೆ ಚಿಕ್ಕಪ್ಪ. ಅಪ್ಪಾನೂ ನೋಡಿದ್ರು."

ತೋಂಟದಾರ್ಯನ ದವಡೆ ನಿಂತಿತು. ಯಾರ ಸೊಸೆ, ಏನಾಗಿತ್ತು ಎಂದು ಅವನು ಕೇಳಲಿಲ್ಲ. ಚಪ್ಪರದಲ್ಲಿ ಕೂತವರ ಕಡೆ ಒಮ್ಮೆ ನೋಡಿ, "ಮೆಲ್ಲಗೆ ಮಾತಾಡೇ," ಎಂದ.

ಅವನಿಗೂ ಗೊತ್ತಿತ್ತು. ಎಲ್ಲರಿಗೂ ಗೊತ್ತಿದ್ದಿರಬೇಕು.

"ಇನ್ನೊಂದನ್ನ ಅಳಿಸಿ," ಎಂದಳು ಅವಳು ರಂಗನಾಥ್‌ಗೆ. "ಈಗ್ಲೇ. ನನ್ನೆದುರಿಗೆ."

ಅವನು ಗುಂಡಿ ಒತ್ತಿದ. ಮಂಜಿನ ಮುಖ ಹೋಯಿತು. ಪರದೆಯ ಮೇಲೆ ಉಳಿದದ್ದು ಸೊಟ್ಟ ಬಾಯಿ, ಆ ಬಾಯಿಯ ಮೂಲೆಯಲ್ಲಿ ಕಾಲುಕಾಲೂ ಸ್ಪಷ್ಟವಾಗಿ ಕಾಣುವ ಒಂದು ನೊಣ.

ಶಿವಗಂಗಮ್ಮ ಬಗ್ಗಿ ನೋಡಿದಳು. ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡು ಪರದೆಯ ಮೇಲೆ ನೊಣವನ್ನು ಒರೆಸಿದಳು. ಅದು ಕೂತೇ ಇತ್ತು. ಸೆರಗಿಗೆ ಎಂಜಲು ಹಚ್ಚಿ ಮತ್ತೆ ಉಜ್ಜಿದಳು.