ಎಲ್ಲರ ಸೈಕಲ್ಲಿಗೆ ಒಬ್ಬರ ಕುಂಕುಮ

ನಾನೊಂದು ಸೈಕಲ್. ಹಸಿರು ಬಣ್ಣ, ಮುಂದೊಂದು ಬುಟ್ಟಿ, ನಂಬರು ನಲವತ್ತೊಂದು. ಹುಟ್ಟಿದ್ದು ಯಾವುದೋ ದೂರದ ಕಾರ್ಖಾನೆಯಲ್ಲಿ. ಕಣ್ಣು ಬಿಟ್ಟಿದ್ದು ಮೈಸೂರಿನ ಒಂದು ಪಾರ್ಕಿನ ಪಕ್ಕದ ಬಾಡಿಗೆ ಸೈಕಲ್ ಸ್ಟ್ಯಾಂಡಿನಲ್ಲಿ. ನಾವಿದ್ದದ್ದು ಆರೇ ಸೈಕಲ್‌ಗಳು. ಕಾರ್ಡ್ ಇದ್ದವರು ಯಾರು ಬೇಕಾದರೂ ಹತ್ತಬಹುದು, ಬೇಕಾದ ಸ್ಟ್ಯಾಂಡಿನಲ್ಲಿ ಬಿಡಬಹುದು.

ಮಲ್ಲಾಜಮ್ಮ ಹಾಸ್ಟೆಲ್ ಒಂದರ ಅಡುಗೆಯವರು. ಬೆಳಿಗ್ಗೆ ಆರಕ್ಕೆ ಅಲ್ಲಿರದಿದ್ದರೆ ನೂರು ಹುಡುಗಿಯರಿಗೆ ತಿಂಡಿ ಇಲ್ಲ, ಇವರಿಗೆ ಕೆಲಸ ಇಲ್ಲ. ಮೊದಲ ಬಸ್ಸು ಬರುವುದೇ ಆರೂವರೆಗೆ. ಹಾಗಾಗಿ ನಲವತ್ತೆಂಟನೇ ವಯಸ್ಸಿನಲ್ಲಿ ನನ್ನ ಮೇಲೆಯೇ ಸೈಕಲ್ ಕಲಿತರು. ಎರಡು ಸಲ ಚರಂಡಿಗೆ ಇಳಿಸಿದ್ದನ್ನು ನಾನು ಇವತ್ತಿನವರೆಗೂ ಯಾರಿಗೂ ಹೇಳಿರಲಿಲ್ಲ.

ಅವರಿಗೆ ಒಂದೇ ಭಯ: ಬೆಳಿಗ್ಗೆ ಬರುವಷ್ಟರಲ್ಲಿ ನನ್ನನ್ನು ಬೇರೆ ಯಾರಾದರೂ ಒಯ್ದುಬಿಟ್ಟರೆ? ಆಯುಧಪೂಜೆಯ ದಿನ ನನಗೆ ಕುಂಕುಮ ಹಚ್ಚಿ, ಸೇವಂತಿಗೆ ಸುತ್ತಿದರು. ಪೂಜೆಯಾದ ಗಾಡಿ, ಯಾರದೋ ಸ್ವಂತದ್ದಿರಬೇಕು ಎಂದು ಅಂದು ಒಬ್ಬರೂ ನನ್ನನ್ನು ಮುಟ್ಟಲಿಲ್ಲ. ಮಲ್ಲಾಜಮ್ಮನಿಗೆ ಅಷ್ಟು ಸಾಕಾಯಿತು. ಮಾರನೆಯ ದಿನದಿಂದ ನನಗೆ ದಿನಾ ಆಯುಧಪೂಜೆ! ಸುಳ್ಳೇಕೆ, ನಾನೂ ಉಬ್ಬಿಹೋದೆ.

ಉಪಾಯ ಉಳಿದವರಿಗೂ ಹೊಳೆಯಿತು. ಪೇಪರ್ ಹಾಕುವ ಶಿವನಂಜಪ್ಪ ಪಕ್ಕದ ಸೈಕಲ್ಲಿಗೆ ವಿಭೂತಿ ಬಳಿದ. ಟ್ಯೂಷನ್ ಮೇಷ್ಟ್ರು ಇನ್ನೊಂದಕ್ಕೆ ನಾಮ ಬರೆದರು. ತಿಂಗಳೊಳಗೆ ನಾವು ಆರೂ ಜನ ಹಣೆಗಿಟ್ಟುಕೊಂಡು, ನಮ್ಮ ನಮ್ಮವರ ಕೆಲಸ ಮುಗಿದ ಮೇಲೆ ಮದುವೆಮನೆಯ ಬೀಗರಂತೆ ದಿನವಿಡೀ ಸುಮ್ಮನೆ ಕೂತಿರುತ್ತಿದ್ದೆವು.

ಒಂದು ದಿನ ಸ್ಟ್ಯಾಂಡು ನೋಡಿಕೊಳ್ಳುವ ಅಸ್ಲಂ ಬಂದ. "ಅಮ್ಮಾ, ಇಲ್ಲಿ ಸೈಕಲ್ಲೇ ಓಡ್ತಿಲ್ಲ. ಸೋಮವಾರ ಸ್ಟ್ಯಾಂಡ್ ಎತ್ತಿ ಬೇರೆ ಕಡೆ ಹಾಕ್ತಾರಂತೆ."

"ಅಯ್ಯೋ, ಎತ್‌ಬುಟ್ರೆ ನಾನು ಕೆಲ್ಸಕ್ಕೆ ಹೆಂಗಪ್ಪಾ ಹೋಗ್ಲಿ?"

"ಎಲ್ರೂ ಓಡಿಸ್ಲಿ ಬಿಡಿ. ಆಗ ಉಳ್ಕೊಳ್ಳುತ್ತೆ."

ಮಲ್ಲಾಜಮ್ಮ ಸೆರಗಿನಿಂದ ನನ್ನ ಹಣೆ ಒರೆಸಿದರು, ಉಳಿದ ಐವರದ್ದೂ ಒರೆಸಿದರು. ನನಗೆ ಬೇಜಾರೇ ಆಯಿತು. ಹತ್ತಲೋ ಬೇಡವೋ ಎಂದು ಅನುಮಾನಿಸುತ್ತಾ ನಿಂತಿದ್ದ ಕಾಲೇಜು ಹುಡುಗಿಯೊಬ್ಬಳಿಗೆ, "ತಗೊಂಡ್ ಹೋಗವ್ವಾ, ಬ್ರೇಕ್ ಮಾತ್ರ ಮೆತ್ತಗೆ ಹಿಡಿ" ಎಂದು ನನ್ನನ್ನು ಒಪ್ಪಿಸಿಬಿಟ್ಟರು. ಆ ವಾರ ನಾನು ಕಂಡಷ್ಟು ಊರನ್ನು ಹಿಂದೆಂದೂ ಕಂಡಿರಲಿಲ್ಲ. ಮಾರುಕಟ್ಟೆ, ಕೆರೆ ಏರಿ, ರೈಲ್ವೆ ಸ್ಟೇಷನ್ ಎಲ್ಲ ಸುತ್ತಿದೆ. ಸೋಮವಾರ ಬಂತು, ಸ್ಟ್ಯಾಂಡು ಎತ್ತಲು ಯಾರೂ ಬರಲಿಲ್ಲ.

ಎಷ್ಟೋ ವರ್ಷ ಓಡಿ, ಈಗ ರಿಪೇರಿ ಶೆಡ್ಡಿನ ಮೂಲೆಯಲ್ಲಿದ್ದೇನೆ. ನನ್ನ ಸೀಟು, ಚೈನು ಬೇರೆ ಸೈಕಲ್‌ಗಳಲ್ಲಿ ಓಡುತ್ತಿವೆ. ಮುದಿತನದಲ್ಲಿ ನನಗೆ ಮತ್ತೆ ಮತ್ತೆ ನೆನಪಾಗುವುದು, ಕುಂಕುಮ ಒರೆಸಿದ ಮೇಲಿನ ಒಂದೇ ಒಂದು ಬೆಳಿಗ್ಗೆ. ಅಂದು ಮಲ್ಲಾಜಮ್ಮ ಹೆದರಿದಂತೆಯೇ ಆಯಿತು. ಬಂದು ನೋಡಿದರೆ ಸ್ಟ್ಯಾಂಡು ಖಾಲಿ. ನಾನು ಶಿವನಂಜಪ್ಪನನ್ನು ಹೊತ್ತು ಅದೇ ದಾರಿಯಲ್ಲಿ ಬರುತ್ತಿದ್ದೆ. ಅವರನ್ನು ಕಂಡವನೇ ಇಳಿದು, ಪೇಪರ್ ಕಟ್ಟನ್ನು ಹೆಗಲಿಗೇರಿಸಿದ.

"ಹತ್ತಕ್ಕಾ. ಸುದ್ದಿ ತಡವಾದ್ರೆ ಹಳಸೋಗಲ್ಲ, ಆ ಮಕ್ಳು ಹಸ್ಕೊಂಡಿರ್ತವೆ."

ಮಲ್ಲಾಜಮ್ಮ ದಾರಿಯುದ್ದಕ್ಕೂ ಅಳುತ್ತಾ ನಗುತ್ತಾ ತುಳಿದರು. ಹಾಸ್ಟೆಲ್ ಗೇಟು ಮುಟ್ಟಿದಾಗ ಆರಕ್ಕೆ ಇನ್ನೂ ಐದು ನಿಮಿಷ ಇತ್ತು.